ಸಂತೋಷ್ ಟ್ರೋಫಿ: ಕರ್ನಾಟಕದ ಲೆಕ್ಕ ಇಷ್ಟು

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹುಡುಗರಿಗೆ ಮೆಸ್ಸಿಯ ಗೋಲುಗಳು ಬಾಯಿಪಾಠ. ನಮ್ಮ ರಾಜ್ಯ ತಂಡದ ಗೆಲುವು ಎಷ್ಟು ಅಂತ ಕೇಳಿ, ಸುಮ್ಮನಾಗ್ತಾರೆ. ಅದಕ್ಕೇ ಈ ಟಿಪ್ಪಣಿ.

ಟೂರ್ನಿ: ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಶಿಪ್. ಶುರುವಾದದ್ದು 1941ರಲ್ಲಿ.

ಮೈಸೂರು ಹೆಸರಲ್ಲಿ ಗೆದ್ದದ್ದು: 1946-47, 1952-53, 1967-68, 1968-69.

ಕರ್ನಾಟಕ ಹೆಸರಲ್ಲಿ ಗೆದ್ದದ್ದು: 2022-23.

ಆ ಸಲದ ಕೊನೆಯ ಎರಡು ಪಂದ್ಯ, ಸೌದಿಯ ರಿಯಾದ್‌ನಲ್ಲಿ:
- ಸೆಮಿಫೈನಲ್: ಸರ್ವಿಸಸ್ ವಿರುದ್ಧ 3-1
- ಫೈನಲ್, ಮಾರ್ಚ್ 4, 2023: ಮೇಘಾಲಯ ವಿರುದ್ಧ 3-2

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರಲ್ಲಿ. ಆ ಹೆಸರಿಗೆ ಈ ಕಪ್ ದಕ್ಕಲು 50 ವರ್ಷ ಬೇಕಾಯಿತು.

ಫೈನಲ್‌ನಲ್ಲಿ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ಹೆಸರು ನೋಡಿದ ಕೂಡಲೇ "ಇವರು ಯಾವ ಊರೋರು?" ಅಂತ ಕೇಳೋರು ಇದ್ದೇ ಇರ್ತಾರೆ. 2022ರ ವಿಶ್ವಕಪ್‌ನಲ್ಲಿ ಸ್ಪೇನ್, ಪೋರ್ಚುಗಲ್ ತಂಡಗಳನ್ನು ಮಣಿಸಿ, ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಎನಿಸಿಕೊಂಡ ಮೊರಾಕ್ಕೊದ 26 ಆಟಗಾರರಲ್ಲಿ 14 ಮಂದಿ ಹುಟ್ಟಿದ್ದು ಬೇರೆ ದೇಶಗಳಲ್ಲಿ. ಅವರು ಗೆದ್ದಾಗ ಕಾಸಾಬ್ಲಾಂಕಾದ ಬೀದಿಗಿಳಿದವರು ಯಾರ ಜನ್ಮಪತ್ರವನ್ನೂ ಕೇಳಲಿಲ್ಲ.

ನಾವು ಮಾತ್ರ ಗೆದ್ದವರ ಊರು ಕೇಳೋದು, ಕಪ್ ಮರೆಯೋದು, ಎರಡನ್ನೂ ಒಟ್ಟಿಗೇ ಮಾಡ್ತೀವಿ. ಜೆರ್ಸಿ ಮೇಲೆ ಕರ್ನಾಟಕ ಅಂತ ಬರೆದಿತ್ತು. ಅಷ್ಟು ಸಾಲದಾ?