ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳಲ್ಲಿ ತಜ್ಞ ವೈದ್ಯರ ಪಾತ್ರ

ತಜ್ಞ ಸಾಕ್ಷಿ ಯಾರು?

ಆಪರೇಷನ್ ಆದ ಮೇಲೆ ರೋಗಿ ತೀರಿಕೊಂಡರೆ ಮನೆಯವರಿಗೆ ಅದು ವೈದ್ಯರ ತಪ್ಪೆಂದೇ ತೋರುವುದು ಸಹಜ. ಅದು ರೋಗದ ಗತಿಯೋ, ಚಿಕಿತ್ಸೆಗೆ ಅಂಟಿಕೊಂಡೇ ಇರುವ ಅಪಾಯವೋ, ನಿಜವಾದ ನಿರ್ಲಕ್ಷ್ಯವೋ ಎಂದು ಬಿಡಿಸಿ ನೋಡುವಷ್ಟು ವೈದ್ಯಶಾಸ್ತ್ರ ನ್ಯಾಯಾಧೀಶರಿಗೂ ತಿಳಿದಿರುವುದಿಲ್ಲ. ಅಲ್ಲಿ ನೆರವಿಗೆ ಬರುವವರು ತಜ್ಞ ಸಾಕ್ಷಿಗಳು. ಸಾಮಾನ್ಯ ಸಾಕ್ಷಿ ಕಂಡದ್ದನ್ನು, ಕೇಳಿದ್ದನ್ನು ಹೇಳಬೇಕು. ತಜ್ಞರಿಗೆ ತಾವು ಕಣ್ಣಾರೆ ಕಾಣದ ಘಟನೆಯ ಬಗ್ಗೆಯೂ ಅಭಿಪ್ರಾಯ ಕೊಡುವ ಅವಕಾಶವಿದೆ. 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಲ್ಲಿದ್ದ ಈ ಅವಕಾಶ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿ ಮುಂದುವರಿದಿದೆ.

ಅಳೆಯುವುದು ಹೇಗೆ?

ಇಂಗ್ಲೆಂಡಿನಲ್ಲಿ 1957ರಲ್ಲಿ ತೀರ್ಮಾನವಾದ ಬೋಲಮ್ ಪ್ರಕರಣದ ಅಳತೆಗೋಲನ್ನೇ ಭಾರತದ ನ್ಯಾಯಾಲಯಗಳು ಬಹುಮಟ್ಟಿಗೆ ಬಳಸುತ್ತವೆ. ಚಿಕಿತ್ಸೆ ನಡೆದ ವಿಭಾಗದ ಅತ್ಯುತ್ತಮ ವೈದ್ಯ ಏನು ಮಾಡುತ್ತಿದ್ದ ಎಂಬ ಪ್ರಶ್ನೆ ಅಲ್ಲಿಲ್ಲ. ಅದೇ ವಿಭಾಗದ ಸಾಧಾರಣ ಕೌಶಲದ ವೈದ್ಯನೊಬ್ಬ ಏನು ಮಾಡುತ್ತಿದ್ದ ಎಂಬುದೇ ಮುಖ್ಯ. ಹೀಗಾಗಿ ಹೆರಿಗೆಯ ಪ್ರಕರಣಕ್ಕೆ ಮೂಳೆ ತಜ್ಞರ ಮಾತು ಹೆಚ್ಚು ತೂಗುವುದಿಲ್ಲ. ಇನ್ನೂ ಕಷ್ಟದ್ದು ಮುಂದಿನ ಪ್ರಶ್ನೆ: ಲೋಪವಾಗಿದ್ದು ನಿಜವಾದರೂ, ಹಾನಿಗೆ ಅದೇ ಕಾರಣವೇ? ಎಷ್ಟೋ ದೂರುಗಳು ಬಿದ್ದುಹೋಗುವುದು ಇಲ್ಲೇ.

ಕ್ರಿಮಿನಲ್ ಕೇಸಿನಲ್ಲಿ

ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಉಸಿರಾಟದ ತೊಂದರೆಯಲ್ಲಿದ್ದ ಕ್ಯಾನ್ಸರ್ ರೋಗಿಗೆ ಜೋಡಿಸಿದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತೆಂಬುದು ದೂರು. 2005ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ಮೇಲಿನ ಕ್ರಿಮಿನಲ್ ಮೊಕದ್ದಮೆಯನ್ನು ರದ್ದುಮಾಡಿತು. ಜೊತೆಗೆ, ವೈದ್ಯರ ವಿರುದ್ಧ ಮುಂದುವರಿಯುವ ಮುನ್ನ ತನಿಖಾಧಿಕಾರಿ ಅದೇ ವಿಭಾಗದ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಂದ ನಿಷ್ಪಕ್ಷಪಾತ ಅಭಿಪ್ರಾಯ ಪಡೆಯಬೇಕೆಂದೂ ಹೇಳಿತು.

ಗ್ರಾಹಕ ಆಯೋಗದಲ್ಲಿ

1995ರ ಶಾಂತಾ ಪ್ರಕರಣದ ತೀರ್ಪು ಹಣ ಪಡೆದು ಕೊಡುವ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. ಇಲ್ಲಿ ಸಾಕ್ಷ್ಯ ಬಹುಮಟ್ಟಿಗೆ ಅಫಿಡವಿಟ್ ರೂಪದಲ್ಲೇ ಬರುತ್ತದೆ. ತಜ್ಞರ ವರದಿ ಇಲ್ಲದೆ ವೈದ್ಯರಿಗೆ ನೋಟಿಸನ್ನೇ ಕಳಿಸಬಾರದು ಎಂದು 2009ರಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಹೇಳಿದಾಗ ದೂರುದಾರರ ದಾರಿಗೆ ದೊಡ್ಡ ಬಂಡೆಯೇ ಅಡ್ಡ ಬಂತು.

ಅದನ್ನು ಸರಿಸಿದ್ದು 2010ರ ಕಿಶನ್ ರಾವ್ ಪ್ರಕರಣ. ಚಳಿಜ್ವರದಿಂದ ಆಸ್ಪತ್ರೆ ಸೇರಿದ್ದ ಮಹಿಳೆಗೆ ಟೈಫಾಯ್ಡ್ ಚಿಕಿತ್ಸೆ ನಡೆದಿತ್ತು. ಕೊನೆಗಳಿಗೆಯಲ್ಲಿ ಇನ್ನೊಂದು ಆಸ್ಪತ್ರೆಗೆ ಒಯ್ದಾಗ ರಕ್ತದಲ್ಲಿ ಮಲೇರಿಯಾ ಕಂಡಿತು, ಟೈಫಾಯ್ಡ್ ಪತ್ತೆಯ ವಿಡಾಲ್ ಪರೀಕ್ಷೆ ನೆಗೆಟಿವ್ ಬಂತು. ಜಿಲ್ಲಾ ವೇದಿಕೆ 2 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು. ತಜ್ಞರ ಸಾಕ್ಷ್ಯವಿಲ್ಲವೆಂದು ರಾಜ್ಯ ಆಯೋಗ ಆ ಆದೇಶವನ್ನು ಕಿತ್ತುಹಾಕಿತು. ಕಡತದಲ್ಲೇ ಲೋಪ ಎದ್ದು ಕಾಣುವಾಗ ಪ್ರತಿ ಪ್ರಕರಣಕ್ಕೂ ತಜ್ಞರು ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ ಪರಿಹಾರವನ್ನು ಎತ್ತಿಹಿಡಿಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೇ ಬಟ್ಟೆ ಉಳಿದುಹೋಗಿದ್ದ ಔರಂಗಾಬಾದಿನ ಪ್ರಕರಣದಲ್ಲೂ (ಘಟನೆ 1963ರದು, ಅಂತಿಮ ತೀರ್ಪು 1996ರದು!) ನಿರ್ಲಕ್ಷ್ಯ ತಾನಾಗಿಯೇ ಗೋಚರಿಸುತ್ತಿತ್ತು.

ತಜ್ಞರ ಮಾತೇ ಕೊನೆಯಲ್ಲ

ತಜ್ಞರ ಅಭಿಪ್ರಾಯ ಸಲಹೆಯೇ ಹೊರತು ತೀರ್ಪಲ್ಲ. ಅನುರಾಧಾ ಸಾಹಾ ಎಂಬ ರೋಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಚರ್ಮದ ಕಾಯಿಲೆಗೆ ಡೆಪೋಮೆಡ್ರಾಲ್ ಎಂಬ ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡನ್ನು ದಿನಕ್ಕೆರಡು ಬಾರಿ 80 ಮಿಲಿಗ್ರಾಂ ಕೊಡಲು ಬರೆದದ್ದು ಅಲ್ಲಿನ ಮುಖ್ಯ ಆಕ್ಷೇಪ. 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರ ಘೋಷಣೆಯಾಯಿತು.

ಒಳ್ಳೆಯ ತಜ್ಞರು ತಮ್ಮನ್ನು ಕರೆದವರ ಪರ ವಾದಿಸುವುದಿಲ್ಲ. ಅಭಿಪ್ರಾಯಕ್ಕೆ ಆಧಾರವಾದ ಪರೀಕ್ಷಾ ವರದಿ, ಗ್ರಂಥ, ಚಿಕಿತ್ಸಾ ಕ್ರಮಗಳನ್ನು ಮುಂದಿಟ್ಟು ಪಾಟೀಸವಾಲಿಗೆ ನಿಲ್ಲುತ್ತಾರೆ. ಸಹೋದ್ಯೋಗಿಯ ವಿರುದ್ಧ ನುಡಿಯಲು ಹಿಂಜರಿಯುವವರೇ ಹೆಚ್ಚೆಂಬ ದೂರು ಹಳೆಯದು, ನಿರಾಧಾರವೂ ಅಲ್ಲ.

ದೂರುದಾರರು ಗಮನಿಸಬೇಕಾದ್ದು

ಕೇಸ್ ಶೀಟ್ ಇಲ್ಲದೆ ಎಂಥ ತಜ್ಞರೂ ಏನೂ ಹೇಳಲಾರರು. ದಾಖಲೆ ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ ಇರುವ ಗಡುವು 2 ವರ್ಷ.