ಇಸಾಂಪುರ: ಕಲ್ಲಿನ ಕಸುಬು, ಕೈಯರಿವು

ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರ ಹಳೆ ಶಿಲಾಯುಗದ ಜನ ಕಲ್ಲು ಕಿತ್ತು, ಅಲ್ಲಿಯೇ ಆಯುಧ ಮಾಡಿದ ನೆಲೆ. ಬಾಯಲ್ಲಿ ಹೇಳಲು ಬಾರದೆ ಕೈಯಲ್ಲಿ ಮಾತ್ರ ಕೂತಿರುವ ತಿಳಿವಳಿಕೆಯನ್ನು ಕೈಯರಿವು ಎನ್ನಬಹುದು. ತತ್ತ್ವಶಾಸ್ತ್ರದಲ್ಲಿ ಇಂಥ ತಿಳಿವಳಿಕೆಯ ಚರ್ಚೆಗೆ ಬಲ ತಂದವರು ಹಂಗೇರಿ ಮೂಲದ ಮೈಕೆಲ್ ಪೊಲಾನ್ಯಿ (1891–1976). ಕೈಯರಿವಿನ ಬಲು ಹಳೆಯ ಕುರುಹು ಈ ಊರಿನ ನೆಲದಲ್ಲಿದೆ.

ಇಲ್ಲಿ ಸಿಗುವುದು ಗಟ್ಟಿಯಾದ ಸುಣ್ಣಕಲ್ಲಿನ ಹಾಸು. ತೆಳ್ಳಗಿನ ಹಲಗೆ ಸಿಕ್ಕರೆ ಅಂಚು ಕೆತ್ತಿ ನೇರವಾಗಿ ಕೈಕೊಡಲಿ ಮಾಡುತ್ತಿದ್ದರು. ದಪ್ಪ ಕಲ್ಲಾದರೆ ಮೊದಲು ದೊಡ್ಡ ಚಕ್ಕೆ ಎಬ್ಬಿಸಿ, ಆಮೇಲೆ ಅದನ್ನು ತಿದ್ದುತ್ತಿದ್ದರು. ಬಡಿಯಲು ಬೇರೆ ಜಾತಿಯ ಗಟ್ಟಿ ಗುಂಡುಕಲ್ಲು. ಕೈಕೊಡಲಿಯೊಂದನ್ನು ಹತ್ತಿರದಿಂದ ನೋಡಿದರೆ ಎರಡೂ ಮೈಮೇಲೆ ಚಕ್ಕೆ ಎದ್ದ ಗುಳಿಗಳು ಒಂದರ ಮೇಲೊಂದು ಏರಿರುವುದು ಕಾಣುತ್ತದೆ. ಏಟಿನ ಓರೆ ತುಸು ತಪ್ಪಿದರೂ ಚಕ್ಕೆ ಏಳುವುದಿಲ್ಲ, ಇಲ್ಲವೆ ಕಲ್ಲೇ ಅಡ್ಡಕ್ಕೆ ಮುರಿಯುತ್ತದೆ. ಇದನ್ನು ಅರಿಯಲು ಇಂದಿನ ಪುರಾತತ್ತ್ವಜ್ಞರೂ ತಾವೇ ಕಲ್ಲು ಹಿಡಿದು ಕೂರುತ್ತಾರೆ. ಎಷ್ಟೋ ಕಲ್ಲು ಕೆಡಿಸಿದ ಮೇಲೆಯೇ ಮಣಿಕಟ್ಟಿಗೆ ಹದ ಬರುವುದು.

ಈ ನೆಲೆಯನ್ನು ಅಗೆದು ಓದಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಈ ಕಣಿವೆ ಸೇರಿದ ಸುರಪುರ ಸೀಮೆಗೆ ಅವರು ಮೊದಲು ಬಂದದ್ದು ನವಶಿಲಾಯುಗದ ಅಧ್ಯಯನಕ್ಕೆ. ಹಳೆ ಶಿಲಾಯುಗದ ಆಯುಧಗಳನ್ನು ನದೀದಂಡೆಯ ಗರಸಿನಲ್ಲಿ ಹುಡುಕುವುದು ಆಗಿನ ರೂಢಿ. 1970ರ ದಶಕದಲ್ಲಿ ಅವರು ಹುಣಸಗಿ–ಬೈಚಬಾಳ ಕಣಿವೆಗಳ ಹೊಲಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ನೀರಿಗೆ ಕೊಚ್ಚಿಹೋಗದೆ ಮಾಡಿದಲ್ಲಿಯೇ ಉಳಿದ ನೆಲೆಗಳನ್ನು ಗುರುತಿಸಿದರು. ರೂಢಿಗಿಂತ ಕಾಲಡಿಯ ಮಣ್ಣನ್ನು ನಂಬಿದ್ದು ಅವರ ದೊಡ್ಡತನ.

ಕಾಲನಿರ್ಣಯದಲ್ಲೂ ಹಳೆಯ ಲೆಕ್ಕ ಬದಲಾಯಿತು. ಈ ಕಣಿವೆಗಳಿಗೆ ಮೊದಲು ಸಿಕ್ಕ ಲೆಕ್ಕ ಸುಮಾರು ಮೂರೂವರೆ ಲಕ್ಷ ವರ್ಷ. ಆ ಲೆಕ್ಕಕ್ಕೆ ಬಳಸಿದ ವಿಧಾನ ಅದಕ್ಕಿಂತ ಹಿಂದಕ್ಕೆ ಹೋಗಲಾರದು. ಇಸಾಂಪುರದ ಪ್ರಾಣಿಹಲ್ಲುಗಳ ಪರೀಕ್ಷೆ ಅದನ್ನು ಸುಮಾರು 12 ಲಕ್ಷ ವರ್ಷಕ್ಕೆ ಒಯ್ದಿತು. ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ಒಂದೇ ವಿಧಾನವನ್ನು ನೆಚ್ಚಿದ ಲೆಕ್ಕವೆಂದು ಕೆಲವರು ಇದನ್ನು ಎಚ್ಚರಿಕೆಯಿಂದಲೇ ಬಳಸುತ್ತಾರೆ.

ಆಯುಧ ಮಾಡುವಾಗ ಯಾವ ಏಟು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಕಲ್ಲಿನ ಪಕ್ಕದಲ್ಲೇ ಬಿದ್ದ ಚಕ್ಕೆಗಳೂ ನೆರವಾಗುತ್ತವೆ. ಆದ್ದರಿಂದ ಹೊಲದಲ್ಲಿ ಅಂಥ ಕಲ್ಲು ಕಂಡವರು ಎತ್ತಿ ಮನೆಗೆ ಒಯ್ಯಬಾರದು. ಇದ್ದಲ್ಲಿಯೇ ಬಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.