ಶುದ್ಧ ಇಂಧನ ನೀತಿಯನ್ನು ಕಲಿಸುವ ಆಟಗಳು

ಮನರಂಜನೆಗಿಂತ ಕಲಿಕೆಯನ್ನೇ ಮುಖ್ಯ ಗುರಿಯಾಗಿ ಇಟ್ಟುಕೊಂಡ ಆಟಗಳನ್ನು ‘ಸೀರಿಯಸ್ ಗೇಮ್’ ಎನ್ನುತ್ತಾರೆ. ಅಮೆರಿಕದ ಕ್ಲಾರ್ಕ್ ಆಬ್ಟ್ 1970ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು. ಇಂಧನ ನೀತಿಯ ಕಲಿಕೆಗೆ ಆಟ ಚೆನ್ನಾಗಿ ಒಗ್ಗುತ್ತದೆ. ಏಕೆಂದರೆ ಇಲ್ಲಿನ ನಿರ್ಧಾರಗಳ ಫಲ ಬಹುಕಾಲ ಉಳಿಯುತ್ತದೆ: ಇಂದು ಕಟ್ಟಿದ ಕಲ್ಲಿದ್ದಲು ವಿದ್ಯುತ್ ಸ್ಥಾವರ ದಶಕಗಟ್ಟಲೆ ಉರಿಯುತ್ತದೆ. ತೆರಿಗೆ, ಸಬ್ಸಿಡಿ, ಭೂಬಳಕೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಭಾಷಣದಲ್ಲಿ ಕೇಳಿ ಮರೆಯುವ ಈ ನಂಟುಗಳು, ಆಟಗಾರ ತಾನೇ ನಿರ್ಧರಿಸಿ ಅದರ ಫಲವನ್ನು ಉಂಡಾಗ ಮನಸ್ಸಿಗೆ ನಾಟುತ್ತವೆ.

ಈ ವಿಷಯವನ್ನು ಜನಸಾಮಾನ್ಯರಿಗೆ ತಲುಪಿಸುವಲ್ಲಿ ಕಂಪ್ಯೂಟರ್ ಆಟಗಳೂ ಪಾತ್ರ ವಹಿಸಿದವು. 1989ರ ‘ಸಿಮ್‌ಸಿಟಿ’ಯಲ್ಲಿ ನಗರ ಕಟ್ಟುವವರು ಕಲ್ಲಿದ್ದಲು ಅಥವಾ ಪರಮಾಣು ಸ್ಥಾವರವನ್ನು ಆರಿಸಿಕೊಳ್ಳಬೇಕಿತ್ತು, 1993ರ ‘ಸಿಮ್‌ಸಿಟಿ 2000’ರಲ್ಲಿ ಗಾಳಿ, ಸೌರ ವಿದ್ಯುತ್ತೂ ಸೇರಿದವು. ನಡುವೆ, 1990ರಲ್ಲಿ, ಕ್ರಿಸ್ ಕ್ರಾಫರ್ಡ್ ರೂಪಿಸಿದ ‘ಬ್ಯಾಲೆನ್ಸ್ ಆಫ್ ದಿ ಪ್ಲಾನೆಟ್’ ಆಟಗಾರನ ಕೈಗೆ ತೆರಿಗೆ ಮತ್ತು ಸಬ್ಸಿಡಿಗಳನ್ನು ಕೊಟ್ಟು, ನೀತಿಯನ್ನೇ ಆಟದ ಕೇಂದ್ರವಾಗಿಸಿತು.

ಮುಂದಿನ ದಶಕದಲ್ಲಿ ವಿಜ್ಞಾನಿಗಳೂ ಪ್ರಸಾರ ಸಂಸ್ಥೆಗಳೂ ಇಂಥ ಆಟಗಳಿಗೆ ಕೈಹಾಕಿದರು. ಜರ್ಮನಿಯಲ್ಲಿ 2004ರಲ್ಲಿ ಬಂದ ‘ಕೀಪ್ ಕೂಲ್’ ಬೋರ್ಡ್ ಆಟದಲ್ಲಿ ಆಟಗಾರರು ದೇಶಗಳ ಗುಂಪುಗಳಾಗಿ ಹವಾಮಾನದ ಚೌಕಾಸಿ ನಡೆಸುತ್ತಾರೆ. ಬಿಬಿಸಿಯ ‘ಕ್ಲೈಮೇಟ್ ಚಾಲೆಂಜ್’ನಲ್ಲಿ ಆಟಗಾರ ಯುರೋಪಿನ ಅಧ್ಯಕ್ಷನಾಗಿ ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸಬೇಕಿತ್ತು, ಜೊತೆಗೆ ಜನರ ಒಲವನ್ನೂ ಉಳಿಸಿಕೊಳ್ಳಬೇಕಿತ್ತು. 2007ರಲ್ಲಿ ತೈಲ ಕಂಪನಿ ಷೆವ್ರಾನ್ ಕೂಡ ‘ಎನರ್ಜಿವಿಲ್’ ಎಂಬ ಆಟ ಹೊರತಂದಿತು.

ಸರ್ಕಾರಗಳೂ ಇಂಥ ಸಾಧನಗಳತ್ತ ತಿರುಗಿದವು. 2010ರಲ್ಲಿ ವಿಜ್ಞಾನಿ ಡೇವಿಡ್ ಮೆಕೇ ಅವರ ಮುಂದಾಳತ್ವದಲ್ಲಿ ಬ್ರಿಟನ್ ಸರ್ಕಾರ ‘2050 ಪಾತ್‌ವೇಸ್’ ಕ್ಯಾಲ್ಕುಲೇಟರ್ ತೆರೆದಿಟ್ಟಿತು. ಅದರ ಸರಳ ರೂಪ ‘ಮೈ2050’ರಲ್ಲಿ ಯಾವುದೇ ನಾಗರಿಕ 1990ರ ಮಟ್ಟಕ್ಕಿಂತ ಶೇ. 80ರಷ್ಟು ಹೊರಸೂಸುವಿಕೆ ತಗ್ಗಿಸುವ ತನ್ನದೇ ದಾರಿಯನ್ನು ಹೊಂದಿಸಬಹುದಿತ್ತು. ಇದೇ ಮಾದರಿಯಲ್ಲಿ ಭಾರತದ ಯೋಜನಾ ಆಯೋಗ 2014ರಲ್ಲಿ ‘ಇಂಡಿಯಾ ಎನರ್ಜಿ ಸೆಕ್ಯುರಿಟಿ ಸಿನಾರಿಯೋಸ್ 2047’ ಸಾಧನವನ್ನು ತಂದಿತು; ನೀತಿ ಆಯೋಗ ಅದನ್ನು ಮುಂದುವರಿಸಿತು. ಇವು ಪೂರ್ತಿ ಆಟಗಳಲ್ಲದಿದ್ದರೂ, ಆಯ್ಕೆ ಬದಲಿಸಿದೊಡನೆ ಲೆಕ್ಕ ಬದಲಾಗುವುದನ್ನು ಕಣ್ಣೆದುರೇ ತೋರಿಸುತ್ತವೆ.

ಲೆಕ್ಕ ಮತ್ತು ಪಾತ್ರಾಭಿನಯ ಎರಡೂ ‘ವರ್ಲ್ಡ್ ಕ್ಲೈಮೇಟ್’ ಆಟದಲ್ಲಿ ಕೂಡಿದವು. ಇದರಲ್ಲಿ ತಂಡಗಳು ದೇಶಗಳ ಪ್ರತಿನಿಧಿಗಳಾಗಿ ಮಾತುಕತೆ ನಡೆಸುತ್ತವೆ. ಅವು ಕೊಟ್ಟ ವಾಗ್ದಾನಗಳಿಂದ ಭೂಮಿಯ ಉಷ್ಣತೆ ಎಷ್ಟೇರುತ್ತದೆಂದು ‘ಸಿ-ರೋಡ್ಸ್’ ಮಾದರಿ ಕೂಡಲೇ ಹೇಳುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನ ಎಂಟು ದೇಶಗಳ 2,042 ಮಂದಿಯನ್ನು ಆಟಕ್ಕೆ ಮೊದಲೂ ನಂತರವೂ ಪ್ರಶ್ನಿಸಿತು, ಶೇ. 81 ಮಂದಿಯಲ್ಲಿ ಹವಾಮಾನ ಬದಲಾವಣೆಯನ್ನು ಎದುರಿಸುವ ಉತ್ಸಾಹ ಹೆಚ್ಚಿತ್ತು. 2019ರಲ್ಲಿ ಬಂದ ‘ಎನ್-ರೋಡ್ಸ್’ ಮಾದರಿ ಇಂಗಾಲದ ಬೆಲೆ, ಕಲ್ಲಿದ್ದಲು ತೆರಿಗೆಯಂಥ ನೀತಿಗಳನ್ನೇ ನೇರವಾಗಿ ಪರೀಕ್ಷಿಸಲು ಬಿಡುತ್ತದೆ. 2023ರ ‘ಡೇಬ್ರೇಕ್’ ಬೋರ್ಡ್ ಆಟದಲ್ಲಿ ಆಟಗಾರರು ಪರಸ್ಪರ ಸೆಣಸದೆ ಒಟ್ಟಾಗಿ ಗೆಲ್ಲಬೇಕು, ಇಲ್ಲವೇ ಒಟ್ಟಾಗಿ ಸೋಲಬೇಕು.

ಆಟ ಮುಗಿದೊಡನೆ ಮೂಡುವ ಉತ್ಸಾಹ ಬಹುಕಾಲ ಉಳಿಯುತ್ತದೆಯೇ ಎಂಬುದನ್ನು ಇಂಥ ಸಮೀಕ್ಷೆಗಳಷ್ಟೇ ಹೇಳಲಾರವು. ಇನ್ನೊಂದು ಮಿತಿ ನಿಯಮಗಳೊಳಗೇ ಇದೆ: ಸೌರ ವಿದ್ಯುತ್ತಿನ ದರ ಎಷ್ಟು, ಜನ ಯಾವಾಗ ಮುನಿಯುತ್ತಾರೆ ಎಂಬುದನ್ನು ನಿಗದಿ ಮಾಡುವವರು ಆಟ ಕಟ್ಟಿದವರೇ. ಆದ್ದರಿಂದ ಆಟದ ಕೊನೆಗೆ ನಡೆಯುವ ಚರ್ಚೆ ಆಟದಷ್ಟೇ ಮುಖ್ಯ. ಯಾರ ಲೆಕ್ಕದ ಮೇಲೆ ಆಡಿದೆವು ಎಂದು ಕೇಳಿಕೊಂಡವರು ನಿಜವಾದ ನೀತಿಯ ಲೆಕ್ಕವನ್ನೂ ಕೇಳಬಲ್ಲರು.